ಗೆರೆ ಮುಟ್ಟದ ಮುಳ್ಳು

ಮರ ಕೊಯ್ಯುವವನ ಗರಗಸ ಯಂತ್ರವನ್ನು ಮೊಣಕಾಲಿನ ಕೆಳಗೆ ಒತ್ತಿ ಹಿಡಿದು, ಪ್ಲಗ್ ಬಿಚ್ಚಿದ ತೂತಿಗೆ ಒಳಗಿನ ಗಾಳಿಯ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ತಿರುಗಿಸಿ, ಹಗ್ಗವನ್ನು ನಾಲ್ಕೈದು ಸಲ ಜಗ್ಗಿದ ಮೇಲೆ ಮೆಕ್ಯಾನಿಕ್ ನೋಡಬೇಕಾಗಿದ್ದದ್ದು ಗೇಜಿನ ಮುಳ್ಳನ್ನು. ನೋಡಿದ್ದು ತನ್ನ ಎಡಗೈಯ ತೋರುಬೆರಳನ್ನು. ಅದು ತನ್ನಷ್ಟಕ್ಕೆ ತಾನೇ ಹಿಡಿಯ ಒಳಗಿನ ಆಕ್ಸಿಲರೇಟರನ್ನು ಕೊನೆಯವರೆಗೂ ಒತ್ತಿ ಹಿಡಿದಿತ್ತು. ಯಾರೂ ಹೇಳಿರಲಿಲ್ಲ, ಅವನೂ ಯೋಚಿಸಿರಲಿಲ್ಲ. ಇಷ್ಟು ವರ್ಷದ ಅಭ್ಯಾಸ, ಬೆರಳು ತನ್ನ ಕೆಲಸ ಮಾಡಿತ್ತು. ಹಾಗಾದರೆ ನಿನ್ನೆ ಸಂಜೆ? ಎಂದು ಒಳಗಿನಿಂದ ಯಾರೋ ಕೇಳಿದ ಹಾಗಾಯಿತು. ನಿನ್ನೆ ಸಂಜೆ ಯಾರ ಬೆರಳಿತ್ತು?  ಎದುರಿಗೆ ಕೂತಿದ್ದ ಮರ ಕೊಯ್ಯುವವನು, ‘ಏನ್ ಯಜಮಾನ್ರೇ, ಹೋಯ್ತಾ ಇದು?’ ಎಂದ. ಅವನು ತನ್ನ ಯಂತ್ರದ ವಿಷಯ ಕೇಳುತ್ತಿದ್ದ. ‘ಇಲ್ಲ, ಚೆನ್ನಾಗಿದೆ’ ಎಂದು ಮೆಕ್ಯಾನಿಕ್ ಮುಳ್ಳನ್ನು ನೋಡದೆಯೇ ಹೇಳಿದ.

ನಿನ್ನೆ ಸಂಜೆ ಇದೇ ಜಾಗದಲ್ಲಿ, ಈ ಎಣ್ಣೆ ಕುಡಿದು ಕಪ್ಪಾದ ಸಿಮೆಂಟ್ ನೆಲದ ಮೇಲೆ ನಿಂತಿದ್ದದ್ದು ಮಿಡತೆಯ ನಾಲ್ಕು ಚಕ್ರದ ಗಾಡಿ. ಮಿಡತೆ ಎಂದರೆ ಅಕ್ಕನ ಮಗಳು. ನಡೆಯಲು ಕಲಿಯುವ ಮೊದಲೇ ಹಾರಲು ಕಲಿತವಳೆಂದು ಅವನೇ ಇಟ್ಟ ಹೆಸರು. ವಾರವಿಡೀ ಹಲ್ಲಿನ ಡಾಕ್ಟರ ಪಕ್ಕದಲ್ಲಿ ನಿಂತು ಜನರ ಬಾಯೊಳಗೆ ದೀಪ ಹಿಡಿಯುವ ಹುಡುಗಿ ರಜೆಯ ದಿನ ಮರಳುಗುಡ್ಡಕ್ಕೆ ಗಾಡಿ ಹತ್ತಿಸುತ್ತಾಳೆ. ದಪ್ಪ ಟೈರಿನ ಟೂ-ಸ್ಟ್ರೋಕ್ ಗಾಡಿ, ಸೀಟು ಕುದುರೆಯ ಬೆನ್ನಿನಷ್ಟು ಅಗಲ. ಬೈಕಿನ ಹಾಗೆ ಕೈ ತಿರುಚುವುದಲ್ಲ, ಹ್ಯಾಂಡಲಿನ ಕೆಳಗಿರುವ ಪುಟ್ಟ ಸನ್ನೆಯನ್ನು, ಆ ಲಿವರನ್ನು, ಹೆಬ್ಬೆರಳಿನಿಂದ ಒತ್ತಬೇಕು, ಅದೇ ಆಕ್ಸಿಲರೇಟರ್. ‘ಮಾಮ, ಕಳೆದ ಸಲ ತುದಿ ಮುಟ್ಟೋಕೆ ಇನ್ನೇನು ಅನ್ನುವಾಗ ಉಸಿರು ಬಿಟ್ಟುಬಿಡ್ತು. ಏನಾದ್ರೂ ಮಾಡಿ’ ಎಂದು ತಿಂಗಳಿನಿಂದ ಪ್ರಾಣ ತಿಂದಿದ್ದಳು. ಅವನು ಎಂಜಿನ್ನಿನ ಮೇಲ್ಮುಚ್ಚಳವಾದ ಹಳೆಯ ಹೆಡ್ ಬಿಚ್ಚಿ, ಗಟ್ಟಿ ಅಲ್ಯೂಮಿನಿಯಂನಲ್ಲಿ ಕಡೆದ ಹೊಸ ಹೆಡ್ ತರಿಸಿದ್ದ. ಅದರ ಅಡಿಯನ್ನು ಲೋಹ ಕಡೆಯುವ ಲೇತಿಗೆ ಹಾಕಿ ಕೂದಲೆಳೆಯಷ್ಟು ತೆಗೆದರೆ ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಜಾಗ ಕಿರಿದಾಗುತ್ತದೆ, ಒಳಗಿನ ಗಾಳಿ ಇನ್ನೂ ಬಿಗಿಯಾಗಿ ಒತ್ತುತ್ತದೆ, ಗಾಡಿಗೆ ಬಲ ಬರುತ್ತದೆ. ಅತಿಯಾಗಿ ತೆಗೆದರೆ ಪೆಟ್ರೋಲು ಕಿಡಿಗೂ ಕಾಯದೆ ತಾನೇ ಸಿಡಿಯುತ್ತದೆ, ಪಿಸ್ಟನ್ ಕರಗುತ್ತದೆ, ಕರಗಿದ್ದು ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡರೆ ಓಡುತ್ತಿರುವ ಹಿಂದಿನ ಚಕ್ರಗಳು ಇದ್ದಲ್ಲಿಯೇ ನಿಂತುಬಿಡುತ್ತವೆ. ಎಲ್ಲಿ ನಿಲ್ಲಿಸಬೇಕೆಂಬುದು ಅವನಿಗೆ ಗೊತ್ತು. ಗೇಜಿನ ಗಾಜಿನ ಮೇಲೆ ಹೆಂಡತಿಯ ಉಗುರುಬಣ್ಣದಿಂದ ಒಂದು ಕೆಂಪು ಗೆರೆ ಎಳೆದಿಟ್ಟಿದ್ದಾನೆ. ಮುಳ್ಳು ಆ ಗೆರೆಯ ಕೆಳಗೆ ನಿಲ್ಲಬೇಕು.

ನಿನ್ನೆ ಕೆಳಗೇ ನಿಂತಿತ್ತು, ತೀರಾ ಕೆಳಗೆ. ಅವನಿಗೇ ಆಶ್ಚರ್ಯವಾಗಿತ್ತು. ಪಿಸ್ಟನ್ನಿನ ಹೊಸ ರಿಂಗ್ ಇನ್ನೂ ಕೂತಿಲ್ಲವೇನೋ ಎಂದುಕೊಂಡ. ಮತ್ತೆ ಹೆಡ್ ಬಿಚ್ಚಿ ಲೇತಿಗೆ ಹಾಕಿದ, ಮತ್ತೆ ಕೂರಿಸಿ ಕಿಕ್ಕರ್ ತುಳಿದ. ಸ್ವಲ್ಪ ಏರಿತು. ಇನ್ನೂ ಜಾಗವಿದೆ ಎಂದು ಮತ್ತೊಮ್ಮೆ ತೆಗೆದ. ಕೊನೆಗೆ ಮುಳ್ಳು ಗೆರೆಯ ಕೆಳಗೆ ಅಚ್ಚುಕಟ್ಟಾಗಿ ಬಂದು ನಿಂತಾಗ ತನ್ನ ಕೈಗೆ ತಾನೇ ಶಭಾಷ್ ಎಂದುಕೊಂಡಿದ್ದ. ಅಷ್ಟು ಹೊತ್ತೂ ಅವನ ಎಡಗೈ ಸೀಟಿನ ಮೇಲಿತ್ತು, ಬಲಗೈಯಲ್ಲಿ ಗೇಜ್ ಇತ್ತು, ಕಾಲು ಕಿಕ್ಕರಿನ ಮೇಲಿತ್ತು. ಹೆಬ್ಬೆರಳಿನ ಸನ್ನೆಯ ಮೇಲೆ ಯಾರೂ ಇರಲಿಲ್ಲ. ‘ಬಾಗಿಲು ಮುಚ್ಚಿ ಕೂತು ಮನೇಲಿ ಗಾಳಿ ಇಲ್ಲ ಅನ್ನಬೇಡ’ ಎನ್ನುತ್ತಿದ್ದರು ಕೆಲಸ ಕಲಿಸಿದ ಮೇಸ್ತ್ರಿ. ಆಕ್ಸಿಲರೇಟರ್ ಮುಚ್ಚಿಕೊಂಡಿದ್ದರೆ ಎಂಜಿನ್ನಿನೊಳಗೆ ಗಾಳಿ ಹೋಗುವುದೇ ಇಲ್ಲ, ಇಲ್ಲದ ಗಾಳಿಯನ್ನು ಪಿಸ್ಟನ್ ಎಲ್ಲಿಂದ ಒತ್ತೀತು, ಮುಳ್ಳು ಎಲ್ಲಿಂದ ಏರೀತು! ಕಸಬಿಗೆ ಬಂದ ಮೊದಲ ವಾರ ಕಲಿಯುವ ಪಾಠ ಇದು. ಕಿಕ್ ಹೊಡೆದು ನೋಡಿದ ಮಿಡತೆ, ‘ತುಂಬಾ ಬಿಗಿ ಮಾಮ, ಕಾಲೇ ಇಳಿಯಲ್ಲ’ ಎಂದಿದ್ದಳು. ‘ಹೊಸದು ಕಣೇ, ಹಾಗೇ ಇರುತ್ತೆ’ ಎಂದು ಅವಳ ತಲೆಗೆ ಮೊಟಕಿ ಕಳಿಸಿದ್ದ.  ಇವತ್ತು ಗುಡ್ಡದ ದಿನ. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಓಟ ಶುರು.

ಫೋನ್ ಮಾಡಿದ. ಅವಳ ಫೋನು ಸಿಗಲಿಲ್ಲ. ಗುಡ್ಡದ ಹತ್ತಿರ ಎಂದೂ ಸಿಗುವುದಿಲ್ಲ, ಗೊತ್ತಿದ್ದೂ ಮತ್ತೆ ಮತ್ತೆ ಒತ್ತಿದ. ಅಕ್ಕನಿಗೆ ಮಾಡಬಹುದಿತ್ತು. ಅಕ್ಕನ ಹೆಸರಿನ ಮೇಲೆ ಬೆರಳು ಇಡುವ ಮೊದಲೇ ಅವಳ ದನಿ ಕಿವಿಯಲ್ಲಿ ಕೇಳಿತು: ‘ನಾನು ಬೇಡ ಅಂದ್ರೆ ಅವಳು ಕೇಳಲ್ಲ ಕಣೋ. ನೀನು ಎಂಜಿನ್ ನೋಡ್ಕೋತೀಯ ಅನ್ನೋ ಒಂದೇ ಧೈರ್ಯ ನನಗೆ.’ ಆ ಧೈರ್ಯದ ಮೇಲೆ ಅವನು ಲೇತ್ ಓಡಿಸಿದ್ದಾನೆ. ಹಿಂದೊಮ್ಮೆ ಅದೇ ಗುಡ್ಡದಲ್ಲಿ, ಯಾರೋ ಬೇರೆ ಮೆಕ್ಯಾನಿಕ್ ಮಾಡಿಕೊಟ್ಟ ಗಾಡಿಯೊಂದು ಅರ್ಧ ಏರಿ, ಹಿಂದಿನ ಚಕ್ರ ಕಚ್ಚಿ, ಮುಂಗಾಲೆತ್ತಿದ ಕುದುರೆಯಂತೆ ನಿಂತು, ಓಡಿಸುವವನ ಮೇಲೆಯೇ ಮಗುಚಿಬಿದ್ದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಶಬ್ದ ನಿಂತ ಮೇಲೆ ಮರಳು ಜಾರುವ ಸದ್ದು ಮಾತ್ರ ಕೇಳುತ್ತಿತ್ತು. ಆ ಮನುಷ್ಯ ಈಗಲೂ ಕೋಲೂರಿ ನಡೆಯುತ್ತಾನೆ, ಎದುರಿಗೆ ಸಿಕ್ಕರೆ ನಗುತ್ತಾನೆ. ‘ಮಾಡಿಕೊಟ್ಟವನು ಹೇಗೆ ನಿದ್ದೆ ಮಾಡ್ತಾನೋ’ ಎಂದು ಅವತ್ತು ಗುಂಪಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದವನು ತಾನೇ. ಎಷ್ಟು ಸುಲಭವಾಗಿ ಹೇಳಿದ್ದೆ ಎಂದು ಈಗ ಅವನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು.

ಸನ್ನೆಯ ಮೇಲೆ ಯಾರೂ ಇರಲಿಲ್ಲ ಎಂಬುದೇನೋ ನಿಜ, ಆದರೆ ಯಾಕೆ ಇರಲಿಲ್ಲ? ಅಲ್ಲಿ ಯಾವಾಗಲೂ ಇರುವುದು ಹೆಂಡತಿಯ ಹೆಬ್ಬೆರಳು. ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿ ಅವಳು ಗಾಡಿಗಳ ಸೀಟಿಗೆ ಹೊದಿಕೆ ಹೊಲಿಯುತ್ತಾಳೆ. ಇವನು ಗೇಜ್ ಕೈಗೆತ್ತಿಕೊಂಡು ‘ಬಾರೇ’ ಎಂದರೆ ಹೊಲಿಗೆ ಮೆಷಿನ್ ನಿಲ್ಲುತ್ತದೆ, ಬಾಯಲ್ಲಿ ದಾರದ ತುಂಡು ಕಚ್ಚಿಕೊಂಡೇ ಬಂದು ಗಾಡಿಯ ಮೇಲೆ ಬಾಗಿ ಸನ್ನೆ ಒತ್ತುತ್ತಾಳೆ, ‘ಹಿಡಿದೆ’ ಎನ್ನುತ್ತಾಳೆ. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಅವನ ಕಾಲು ಕಿಕ್ಕರಿನ ಮೇಲೆ ಇಳಿಯುವುದು. ಆಮೇಲೆ ‘ಬಿಡು’ ಎನ್ನುವವರೆಗೂ ಅವಳು ಬಿಡುವುದಿಲ್ಲ, ಮನೆ ಹೊತ್ತಿ ಉರಿದರೂ. ನಿನ್ನೆ ಅವನು ‘ಬಾರೇ’ ಎನ್ನಲಿಲ್ಲ. ಮೊನ್ನೆಯಿಂದ ಇಬ್ಬರಿಗೂ ಮಾತಿಲ್ಲ. ಮೊನ್ನೆ ಮಿಡತೆಯ ಎದುರಿಗೆ, ಒಬ್ಬ ಗಿರಾಕಿಯೂ ಇದ್ದಾಗ, ಅವಳು ನಗುತ್ತಾ ಅಂದುಬಿಟ್ಟಿದ್ದಳು: ‘ನಿಮ್ಮ ಮಾಮನಿಗೆ ಈಗ ಸಣ್ಣ ಶಬ್ದ ಕೇಳಿಸಲ್ಲ ಕಣೇ. ಕುಕ್ಕರ್ ಕೂಗಿದ್ರೂ ನಾನೇ ಹೇಳಬೇಕು. ಎಂಜಿನ್ ಸದ್ದು ಕೇಳಿ ಕಾಯಿಲೆ ಹೇಳೋ ಕಾಲ ಮುಗೀತು.’ ಗಿರಾಕಿ ನಕ್ಕಿದ್ದ. ಇವನ ಮೂಗಿನ ತುದಿಯಲ್ಲೇ ಕೋಪ, ಎಲ್ಲರಿಗೂ ಗೊತ್ತು. ಆದರೆ ಅದು ಕೋಪವಾಗಿರಲಿಲ್ಲ. ಕಿವಿಯ ವಿಷಯ ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿರುವುದು ತನಗೊಬ್ಬನಿಗೇ ಎಂದುಕೊಂಡಿದ್ದ.

ಅಂದಿನಿಂದ ಮನೆಯಲ್ಲಿ ಮಾತುಗಳಿಗೆ ಯಜಮಾನರೇ ಇಲ್ಲ. ‘ಊಟ ಇಟ್ಟಿದೆ’ ಎಂದು ಅವಳು ಗೋಡೆಗೆ ಹೇಳುತ್ತಾಳೆ. ‘ಟವೆಲ್ ಎಲ್ಲಿದೆಯೋ ಏನೋ’ ಎಂದು ಅವನು ಕಿಟಕಿಯನ್ನು ಕೇಳುತ್ತಾನೆ. ನಿನ್ನೆ ಸಂಜೆ ಗೇಜ್ ಕೈಗೆತ್ತಿಕೊಂಡಾಗ ಹಿಂದಿನ ಕೋಣೆಯ ಮೆಷಿನ್ ಸದ್ದು ತಾನಾಗಿಯೇ ನಿಂತದ್ದು ಅವನಿಗೆ ನೆನಪಿದೆ. ಕರೆಯಲಿ ಎಂದು ಕಾದಿದ್ದಳು. ಕರೆಯಲಿಲ್ಲ. ಯಾರ ಹಂಗೂ ಬೇಡ ಎಂಬ ಜಂಬದಲ್ಲಿ ಗೇಜನ್ನು ತಾನೇ ಹಿಡಿದು, ತಾನೇ ತುಳಿದು, ಆ ಜಂಬದ ಬಿಸಿಯಲ್ಲಿ ಸನ್ನೆಯನ್ನು ಮರೆತಿದ್ದ. ಹೆಬ್ಬೆರಳಿನ ಸನ್ನೆ ಅವನ ಪಾಲಿನ ಕೆಲಸವೇ ಆಗಿರಲಿಲ್ಲ ಇಷ್ಟು ವರ್ಷ, ಅದಕ್ಕೇ ಅದು ಅವನ ಕೈಗೆ ನೆನಪಿರಲಿಲ್ಲ.

ಮರ ಕೊಯ್ಯುವವನಿಗೆ ‘ನಾಳೆ ಬನ್ನಿ’ ಎಂದ. ಅವನು ಗೊಣಗುತ್ತಾ ಹೋದ. ಇವನು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತ. ಹೆಂಡತಿ ದಪ್ಪ ರೆಕ್ಸಿನ್ನನ್ನು ಸೂಜಿಯ ಕೆಳಗೆ ತಳ್ಳುತ್ತಿದ್ದಳು, ತಲೆ ಎತ್ತಲಿಲ್ಲ. ಒಬ್ಬನೇ ಮೊಪೆಡ್ ಹತ್ತಿ ಹೋಗಬಹುದಿತ್ತು, ಹಾಗೆಯೇ ಯೋಚಿಸಿದ. ಆದರೆ ಅಲ್ಲಿ ಹೋಗಿ ಬೇಡ ಎಂದರೆ ಮಿಡತೆ ನಂಬುವವಳಲ್ಲ. ಅಳೆದು ತೋರಿಸಬೇಕು. ಅಳೆಯಲು ಇವಳ ಹೆಬ್ಬೆರಳು ಬೇಕು. ಹೆಬ್ಬೆರಳು ಯಾರದಾದರೂ ಆದೀತು, ಅವನೂ ಬಲ್ಲ. ತನಗೆ ಬೇಕಾದದ್ದು ಜೊತೆಗೊಂದು ಜೀವ ಎಂದು ಒಪ್ಪಿಕೊಳ್ಳುವಷ್ಟು ಭಯ ಅವನಿಗೆ ಆಗಿತ್ತು.

‘ನಿನ್ನೆ ಸನ್ನೆ ಹಿಡಿಯದೆ ಅಳೆದುಬಿಟ್ಟೆ’ ಎಂದ, ಗೋಡೆಗಲ್ಲ.

ಮೆಷಿನ್ ನಿಂತಿತು. ಅವಳಿಗೆ ವಿವರಿಸಿ ಹೇಳಬೇಕಾಗಲಿಲ್ಲ. ಇಷ್ಟು ವರ್ಷ ಸನ್ನೆ ಹಿಡಿದವಳು. ಅವಳ ಮುಖದ ಬಣ್ಣ ಇಳಿಯುವುದನ್ನು ಅವನು ನಿಂತು ನೋಡಿದ. ‘ಎಷ್ಟು ತೆಗೆದ್ರಿ?’ ಎಂದಳು. ಹೇಳಿದ. ‘ಅಯ್ಯೋ’ ಎಂದು ಎದ್ದವಳು ಚಪ್ಪಲಿ ಹುಡುಕುತ್ತಾ, ‘ಗೇಜ್ ತಗೊಳ್ಳಿ. ಪ್ಲಗ್ ಬಿಚ್ಚೋ ಪಾನೆ ತಗೊಳ್ಳಿ. ನಿಂತ್ಕೋಬೇಡಿ ಹಾಗೆ’ ಎಂದಳು.

ಮೊಪೆಡ್ ಎಂದಿನಷ್ಟೇ ಓಡುತ್ತಿತ್ತು. ಇದಕ್ಕೆ ಬಲ ಕೊಡಿಸಬೇಕೆಂದು ಯಾವತ್ತೂ ಅನ್ನಿಸಿರಲಿಲ್ಲ, ಚಮ್ಮಾರನ ಮನೆಯವರ ಕಾಲಿಗೆ ಚಪ್ಪಲಿ ಇಲ್ಲವೆಂಬಂತೆ. ಪೇಟೆ ಮುಗಿದು, ಗೋದಾಮುಗಳ ಉದ್ದನೆಯ ಗೋಡೆ ಮುಗಿದು, ರಸ್ತೆಯ ಅಂಚಿಗೆ ಮರಳು ಕಾಣತೊಡಗಿತು. ಎಲ್ಲವೂ ಎಂದಿನಂತೆಯೇ ಇತ್ತು, ಅದೇ ಅವನನ್ನು ಹೆಚ್ಚು ಹೆದರಿಸಿತು. ಒಬ್ಬಳು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಇಬ್ಬರು ಒಂದು ಸೋಫಾವನ್ನು ಬಾಗಿಲಿನಿಂದ ಹೊರಗೆ ತರಲಾರದೆ ಬೈದಾಡುತ್ತಿದ್ದರು. ಈ ಹೊತ್ತಿಗೆ ಅಲ್ಲಿ ಆಗಬಾರದ್ದು ಆಗಿಹೋಗಿದ್ದರೂ ಈ ಸೋಫಾ ಹೀಗೇ ಸಿಕ್ಕಿಕೊಂಡಿರುತ್ತಿತ್ತು. ಅಕ್ಕ ಈಗ ಮನೆಯಲ್ಲಿ ಪಾತ್ರೆ ತೊಳೆಯುತ್ತಿರಬಹುದು. ಯಾವ ಕ್ಷಣ ಫೋನು ರಿಂಗಾದರೂ ಅದು ಅಕ್ಕನದೇ ಎಂದು ಹೆದರಿ, ಗಾಡಿ ಓಡಿಸುತ್ತಲೇ ಒಂದು ಕೈಯಲ್ಲಿ ಫೋನನ್ನು ಜೇಬಿನಿಂದ ತೆಗೆದು ಹಿಂದೆ ಹೆಂಡತಿಗೆ ಕೊಟ್ಟ. ಅವಳು ಅದನ್ನು ತೆಗೆದುಕೊಂಡು, ಅವನ ಭುಜದ ಹತ್ತಿರ ಬಾಗಿ ಏನೋ ಅಂದಳು. ಕೇಳಿಸಲಿಲ್ಲ. ಹಿಂದಿನ ಹಾಗಾಗಿದ್ದರೆ ಕೇಳಿಸಿದವನಂತೆ ‘ಹೂಂ’ ಎನ್ನುತ್ತಿದ್ದ.

‘ಏನು? ಜೋರಾಗಿ ಹೇಳು.’

‘ನಿನ್ನೆ ನಂಗೆ ಕೇಳಿಸಿತ್ತು ಅಂದೆ’ ಎಂದು ಅವಳು ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು. ‘ಅವಳು ಗಾಡಿ ಓಡಿಸಿಕೊಂಡು ಹೋಗುವಾಗ. ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಬಾಗಿಲ ತನಕ ಬಂದೆ ಹೇಳೋಕೆ. ನೀವು ಮುಖ ತಿರುಗಿಸಿಕೊಂಡ್ರಿ. ಹಾಳಾಗಿ ಹೋಗಲಿ ಅಂತ ವಾಪಸ್ ಹೋದೆ.’

ಅವಳು ಬಾಗಿಲಿಗೆ ಬಂದದ್ದು ಅವನಿಗೆ ನೆನಪಿತ್ತು. ಸೋತು ಮಾತಾಡಿಸಲು ಬಂದಳು ಎಂದುಕೊಂಡು, ಗೆದ್ದವನಂತೆ ಮುಖ ತಿರುಗಿಸಿಕೊಂಡದ್ದೂ ನೆನಪಿತ್ತು. ಎಂಜಿನ್ ಸದ್ದು ಅವನಿಗೆ ಮಾತ್ರ ನುಣ್ಣಗೆ, ಬೆಣ್ಣೆಯ ಹಾಗೆ ಕೇಳಿಸಿತ್ತು. ಅವನ ಕಿವಿ ಆ ಕಲ್ಲುಗಳನ್ನೆಲ್ಲ ಆರಿಸಿ ಹೊರಗಿಟ್ಟು ಬರಿಯ ಸಂಗೀತವನ್ನು ಕೊಟ್ಟಿತ್ತು.  ಹೆಂಡತಿಯ ಕೈ ಅವನ ಅಂಗಿಯನ್ನು ಹಿಂದಿನಿಂದ ಮುಷ್ಟಿ ಕಟ್ಟಿ ಹಿಡಿದಿತ್ತು.

ಗುಡ್ಡದ ಬುಡದಲ್ಲಿ ಎಂದಿನ ಗುಂಪು, ನೀಲಿ ಹೊಗೆ, ಸುಟ್ಟ ಎಣ್ಣೆಯ ವಾಸನೆ. ಗುಡ್ಡದಲ್ಲಿ ಯಾವುದೋ ಗಾಡಿ ಕಿರುಚುತ್ತಾ ಏರುತ್ತಿತ್ತು. ಅವನ ಕಣ್ಣು ಮೊದಲು ಹೋದದ್ದು ನೆಲದ ಕಡೆಗೆ, ಜನ ಸುತ್ತುಗಟ್ಟಿದ್ದಾರೆಯೇ, ಯಾರಾದರೂ ಮಲಗಿದ್ದಾರೆಯೇ ಎಂದು. ಇಲ್ಲ. ಮಿಡತೆಯ ಗಾಡಿ ಸಾಲಿನ ಮುಂದೆಯೇ ನಿಂತಿತ್ತು, ಎಂಜಿನ್ ಓಡುತ್ತಿತ್ತು, ಹೆಲ್ಮೆಟ್ ತೊಟ್ಟವಳು ಹ್ಯಾಂಡಲಿನ ಮೇಲೆ ಬಾಗಿದ್ದಳು. ಬಾವುಟ ಹಿಡಿದವನು ಗುಡ್ಡದ ತುದಿಯ ಕಡೆ ನೋಡುತ್ತಾ ಕಾಯುತ್ತಿದ್ದ. ಇವನು ಕೂಗಬೇಕೆಂದುಕೊಂಡ. ಎಂಜಿನ್ನುಗಳ ಗದ್ದಲದಲ್ಲಿ ಅದು ಅವಳಿಗೆ ಮುಟ್ಟುವಂತಿರಲಿಲ್ಲ. ಕನಸಿನಲ್ಲಿ ಓಡುವವರ ಹಾಗೆ ಮರಳಿನಲ್ಲಿ ಕಾಲು ಹುಗಿಯುತ್ತಾ ಹೋದ. ಹೋಗುವಾಗಲೇ ಅವನ ಮನಸ್ಸು, ಆ ಭಯದ ನಡುವೆಯೂ, ಒಂದು ಸಣ್ಣ ಹಂಚಿಕೆ ಹೂಡಿತ್ತು. ಗಾಡಿಯ ಪಕ್ಕ ಬಾಗಿ, ಯಾರಿಗೂ ಕಾಣದಂತೆ, ಪ್ಲಗ್ಗಿನ ವೈರನ್ನು ಕಿತ್ತ. ಎಂಜಿನ್ ಸತ್ತಿತು.

‘ಮಾಮ! ಏನ್ ಮಾಡ್ತಿದ್ದೀರ?’ ಮಿಡತೆ ಹೆಲ್ಮೆಟ್ಟಿನ ಗಾಜು ಮೇಲೆತ್ತಿದಳು.

‘ವೈರ್ ಸಡಿಲ ಆಗಿದೆ ಕಣೇ. ಇವತ್ತು ಬೇಡ.’

ಬಾವುಟದವನು ಬಗ್ಗಿ ನೋಡಿದ. ‘ವೈರ್ ತಾನೇ? ಸಿಕ್ಕಿಸಿ ಸ್ವಾಮಿ. ಮುಂದಿನವರನ್ನ ಬಿಡ್ತೀನಿ, ಆಮೇಲೆ ನೀವು ಬನ್ನಿ.’ ಮಿಡತೆ ಆಗಲೇ ಕೈಗವಸು ಕಳಚಿ ವೈರಿಗೆ ಕೈ ಚಾಚಿದ್ದಳು. ಅವನು ಹುಡುಕಿ ತೆಗೆದ ಸುಳ್ಳು ಚಿಟಿಕೆ ಹೊಡೆಯುವುದರೊಳಗೆ ರಿಪೇರಿಯಾಗುವಂಥದ್ದು. ನಿಜವೊಂದೇ ರಿಪೇರಿಯಾಗದೆ ಉಳಿದಿತ್ತು. ಸಾಲಿನಲ್ಲಿ ನಿಂತವರಲ್ಲಿ ಅರ್ಧಕ್ಕರ್ಧ ಅವನ ಗಿರಾಕಿಗಳು. ಹಿಂದೆ ನೋಡಿದ. ಹೆಂಡತಿ ಮರಳಿನಲ್ಲಿ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಬರುತ್ತಿದ್ದಳು.

‘ವೈರ್ ಅಲ್ಲ’ ಎಂದ. ಕಿವಿ ಮಂದವಾದವರ ಹಾಗೆ ದನಿ ಬೇಕಾದ್ದಕ್ಕಿಂತ ದೊಡ್ಡದಾಗಿ ಬಂತು, ಎಲ್ಲರೂ ತಿರುಗಿದರು. ‘ಹೆಡ್ ಜಾಸ್ತಿ ತೆಗೆದುಬಿಟ್ಟಿದ್ದೀನಿ. ನಿನ್ನೆ ಅಳೆಯುವಾಗ ಆಕ್ಸಿಲರೇಟರ್ ಹಿಡಿದಿರಲಿಲ್ಲ. ನಾನು ತಪ್ಪು ಮಾಡಿದ್ದೀನಿ.’

ಯಾರೋ ನಕ್ಕರು. ‘ಇದು ಕಲಿಯೋರು ಮಾಡೋ ತಪ್ಪಲ್ವಾ ಯಜಮಾನ್ರೇ?’ ಎಂದು ಯಾರೋ ಅಂದರು. ಅದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಮಿಡತೆಯ ಕಣ್ಣಲ್ಲಿ ಸಿಟ್ಟಿನ ನೀರು ಬಂದಿತ್ತು. ‘ಬೆಳಿಗ್ಗೆಯಿಂದ ಎರಡು ಸಲ ಪ್ರಾಕ್ಟೀಸಿಗೆ ಹತ್ತಿದ್ದೀನಿ. ಏನೂ ಆಗಿಲ್ಲ. ಇಷ್ಟು ಚೆನ್ನಾಗಿ ಯಾವತ್ತೂ ಎಳೆದಿಲ್ಲ ಇದು. ಅಮ್ಮ ಕಳಿಸಿದ್ಲು ತಾನೇ ನಿಮ್ಮನ್ನ? ನಿಜ ಹೇಳಿ.’

ಅವನು ಗಾಡಿಯನ್ನು ಸಾಲಿನಿಂದ ಪಕ್ಕಕ್ಕೆ ತಳ್ಳಿದ. ಪಾನೆ ಹಾಕಿ ಪ್ಲಗ್ ಬಿಚ್ಚಿದ. ಬಿಸಿಯಿತ್ತು, ಚಿಂದಿಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದ, ನೋಡಿ, ಮುಷ್ಟಿಯೊಳಗೆ ಮುಚ್ಚಿಕೊಂಡ.  ಆಮೇಲೆ ಆ ತೂತಿಗೆ ಗೇಜ್ ತಿರುಗಿಸಿದ. ‘ಬಾರೇ’ ಎನ್ನಬೇಕಾಗಿರಲಿಲ್ಲ, ಹೆಂಡತಿ ಆಗಲೇ ಹ್ಯಾಂಡಲಿನ ಮೇಲೆ ಬಾಗಿದ್ದಳು. ಆದರೂ ಅವನು ‘ಬಾರೇ’ ಎಂದ. ಅವಳು ಸನ್ನೆ ಒತ್ತಿ, ‘ಹಿಡಿದೆ’ ಎಂದಳು. ಅವನು ಕಿಕ್ಕರ್ ತುಳಿದ. ಕಾಲು ಕಲ್ಲಿನ ಮೇಲೆ ಇಟ್ಟಂತಾಯಿತು. ಇಡೀ ಮೈಭಾರ ಹಾಕಿ ಮತ್ತೆ ತುಳಿದ. ಮುಳ್ಳು ಮೊದಲ ಏಟಿಗೇ ಕೆಂಪು ಗೆರೆಯ ಹತ್ತಿರ ಹೋಯಿತು. ಎರಡನೆಯದಕ್ಕೆ ದಾಟಿತು. ಆಮೇಲೆ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಅವನು ಬೇಡಿಕೊಳ್ಳುತ್ತಿದ್ದಂತೆಯೇ ಏರುತ್ತಾ ಹೋಗಿ, ಅವನು ಯಾವತ್ತೂ ಯಾವ ಎಂಜಿನ್ನಿನಲ್ಲೂ ಕಂಡಿರದ ಜಾಗದಲ್ಲಿ ನಿಂತಿತು. ನಗುತ್ತಿದ್ದವರು ಬಗ್ಗಿ ನೋಡಿದರು. ಬಾವುಟದವನು ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮುಂದಿನ ಗಾಡಿಯ ಕಡೆಗೆ ಹೋದ.

ಮಿಡತೆ ಗೇಜನ್ನು ನೋಡಿದಳು, ಅವನನ್ನು ನೋಡಿದಳು. ‘ಆ ಪ್ಲಗ್ ಕೊಡಿ ಮಾಮ.’

‘ಏನಿಲ್ಲ ಅದರಲ್ಲಿ.’

‘ಕೊಡಿ.’

ಅವನ ಬೆರಳುಗಳನ್ನು ಅವಳೇ ಒಂದೊಂದಾಗಿ ಬಿಡಿಸಿದಳು. ಪ್ಲಗ್ಗನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಕಿತ್ತ ಹಲ್ಲನ್ನು ನೋಡುವ ಹಾಗೆ ಬಿಸಿಲಿಗೆ ಓರೆ ಮಾಡಿ ನೋಡಿದಳು. ಬಿಳಿ ಪಿಂಗಾಣಿಯ ಮೇಲೆ ಸಣ್ಣ ಸಣ್ಣ ಚುಕ್ಕೆಗಳು ಬೆಳ್ಳಿಯ ಹುಡಿ ಉದುರಿಸಿದಂತೆ ಮಿನುಗುತ್ತಿದ್ದವು. ಅವಳು ಉಗುರಿನಿಂದ ಕೆರೆದಳು, ಹೋಗಲಿಲ್ಲ.

‘ಏನು ಇದು ಮಿನುಗ್ತಿರೋದು?’

‘ಪಿಸ್ಟನ್ನು’ ಎಂದ. ‘ಕರಗೋಕೆ ಶುರುವಾಗಿತ್ತು.’

 ಮಿಡತೆ ಗುಡ್ಡದ ಕಡೆ ನೋಡಿದಳು, ಅರ್ಧ ದೂರದವರೆಗೆ, ಕಡಿದಾದ ಜಾಗದವರೆಗೆ. ಹೆಲ್ಮೆಟ್ ತೆಗೆದು ಮರಳಿನ ಮೇಲಿಟ್ಟು ಅದರ ಪಕ್ಕದಲ್ಲೇ ಕುಸಿದು ಕೂತಳು, ಮಿಡತೆ ಎಂಬ ಹೆಸರಿಗೆ ತಕ್ಕ ಯಾವುದೂ ಅವಳ ಕೈಕಾಲಿನಲ್ಲಿ ಉಳಿದಿರಲಿಲ್ಲ. ಅವನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬೆಳಿಗ್ಗೆ ಎರಡು ಸಲ ಅವಳು ಏರಿದ್ದಾಳೆ, ಆ ಎರಡು ಸಲವೂ ಅವನು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಲೋ ಗೋಡೆಗೆ ಹೇಳಿ ಇಟ್ಟ ತಿಂಡಿಯನ್ನು ತಿನ್ನುತ್ತಲೋ ಇದ್ದ. ಆಗಿಹೋಗಬಹುದಾಗಿದ್ದದ್ದು ಈಗ, ಎಲ್ಲ ಮುಗಿದ ಮೇಲೆ, ಅವನ ಮೈಯೊಳಗೆ ನಿಧಾನವಾಗಿ ಆಗತೊಡಗಿತು. ಇನ್ನು ಯಾವ ಎಂಜಿನ್ನಿನ ಮುಂದೆ ನಿಂತರೂ ತನಗೆ ಕೇಳಿಸದ ಸದ್ದೊಂದು ಅದರಲ್ಲಿ ಇದ್ದೇ ಇರುತ್ತದೆ. ಅವನು ಗಾಡಿಯ ಚಕ್ರಕ್ಕೆ ಒರಗಿ ಕೂತ.

‘ಬಿಡ್ಲಾ?’ ಎಂದು ಹೆಂಡತಿ ಕೇಳಿದಳು. ಅವಳು ಇನ್ನೂ ಹ್ಯಾಂಡಲಿನ ಮೇಲೆ ಬಾಗಿಯೇ ಇದ್ದಳು. ಹೆಬ್ಬೆರಳು ಸನ್ನೆಯನ್ನು ಒತ್ತಿ ಒತ್ತಿ ಬೆಳ್ಳಗಾಗಿತ್ತು. ಬಿಡು ಎಂದು ಯಾರೂ ಹೇಳಿರಲಿಲ್ಲ.

ಅವಳು ಅಂದದ್ದು ಸಣ್ಣ ದನಿಯಲ್ಲಿ, ಗಾಡಿಗಳ ಗದ್ದಲದ ನಡುವೆ. ಹೇಗೋ ಕೇಳಿಸಿತು.

‘ಬೇಡ’ ಎಂದ. ‘ಇನ್ನೊಂದು ಸ್ವಲ್ಪ ಹೊತ್ತು ಹಿಡ್ಕೊಂಡಿರು.’